ಮರದ ತಿರುಳಿನ ಆಮದು: ಒಂದು ಪರೀಕ್ಷಾ ಟಿಪ್ಪಣಿ

ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳತ್ತ ಸಂಚರಿಸುವ ಪರೀಕ್ಷಾರ್ಥಿಗೆ ದಾರಿಯ ಮಗ್ಗುಲಲ್ಲಿ ಕಾಣಸಿಗುವ ನೀಲಗಿರಿ ತೋಪುಗಳೇ, ಕಾಗದದ ಮೂಲದ್ರವ್ಯವಾದ ಮರದ ತಿರುಳಿನ ಜಾಗತಿಕ ವಾಣಿಜ್ಯವನ್ನರಿಯಲು ತಕ್ಕ ಪೀಠಿಕೆಯಾಗುವುವು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬ್ರಿಟನ್, ಅಮೆರಿಕಗಳಂತಹ ಧನಿಕ ರಾಷ್ಟ್ರಗಳು ಕೆನಡಾ ಹಾಗೂ ಸ್ಕ್ಯಾಂಡಿನೇವಿಯಗಳ ತಿರುಳಿಗೆ ಮುಖ್ಯ ಗ್ರಾಹಕರಾಗಿದ್ದುವು. ಇಂದಾದರೋ ಆಮದಿನ ಅಗ್ರಸ್ಥಾನವು ಚೀನಕ್ಕೆ ಸಂದಿದ್ದು, ಒದಗಿಸುವವರ ಪೈಕಿ ಅಭಿವೃದ್ಧಿಶೀಲವೆನಿಸಿದ ಬ್ರೆಜಿಲ್ ದೇಶವು, ಅದೂ ನಮಗೆ ಚಿರಪರಿಚಿತವಾದ ಈ ನೀಲಗಿರಿಯಿಂದಲೇ, ಮುಂಚೂಣಿಯಲ್ಲಿರುವುದು. ಬಡದೇಶ ಕಚ್ಚಾವಸ್ತುವನ್ನು ಮಾರುವುದು, ಸಿರಿದೇಶ ಕೊಳ್ಳುವುದು ಎಂಬ ಹಳೆಯ ಸೂತ್ರವು ಇಲ್ಲಿ ಅರ್ಧಸತ್ಯವೇ ಸರಿ. ನಮ್ಮಲ್ಲಿ, 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆಯು ಮೊದಲು ಬಿದಿರನ್ನೇ ನಂಬಿತ್ತು; 1988ರ ರಾಷ್ಟ್ರೀಯ ಅರಣ್ಯ ನೀತಿಯು ಕಾರ್ಖಾನೆಗಳು ಬೆಳೆಗಾರರೊಡನೆ ನೇರ ಸಂಬಂಧವಿರಿಸಿಕೊಂಡು ಮರವನ್ನು ಪಡೆಯಬೇಕೆಂದು ವಿಧಿಸಿತು. ಸುಂಕಪಟ್ಟಿಯಲ್ಲಿ ತಿರುಳಿನದು 47ನೆಯ ಅಧ್ಯಾಯ, ಕಾಗದದ್ದು 48.