ಆಲೆಮನೆಯ ಅತಿಥಿಗಳೂ ಬಾಗಿಲಲ್ಲಿ ಬೆಲ್ಲದ ಮಾರಾಟವೂ

ಮಂಡ್ಯದ ಸೀಮೆಯಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಹರಿದಂದಿನಿಂದ ಕಬ್ಬು ಮುಖ್ಯವಾದ ಬೆಳೆಯಾಗಿರುವುದು. ೧೯೩೩ರಲ್ಲಿ ಸಕ್ಕರೆಯ ಕಂಪೆನಿಯು ಸ್ಥಾಪಿತವಾದ ಮೇಲೂ ಅನೇಕ ಹಿಡುವಳಿದಾರರು ತಮ್ಮ ಕಬ್ಬನ್ನು ಆಲೆಮನೆಯಲ್ಲಿಯೇ ಅರೆದು ಬೆಲ್ಲ ಮಾಡುತ್ತ ಬಂದಿರುವರು. ಆದರೆ ಮಂಡಿಯಲ್ಲಿ ಬೆಲ್ಲದ ಧಾರಣೆಯನ್ನು ನಿಶ್ಚಯಿಸುವವನು ವರ್ತಕನು. ಅವನು ನೋಡುವುದು ಮುಖ್ಯವಾಗಿ ಬಣ್ಣವನ್ನು. ಈ ಬಣ್ಣಕ್ಕಾಗಿಯೇ ಹೈಡ್ರೋಸ್ ಎಂಬ ರಾಸಾಯನಿಕದ ಪುಡಿಯು ಕೊಪ್ಪರಿಗೆಗೆ ಬೀಳುವುದು. ಅದರಿಂದ ಬಂದ ಬಿಳುಪು ಬಹುಕಾಲ ನಿಲ್ಲದು. ಗಂಧಕದ ಅಂಶವು ಮಾತ್ರ ತಿನ್ನುವವರ ಹೊಟ್ಟೆ ಸೇರುವುದು.

ಈ ಕಟ್ಟಿನಿಂದ ಬಿಡಿಸಿಕೊಳ್ಳಲು ಒಂದು ಮಾರ್ಗವುಂಟು. ಬೆಲ್ಲವು ಆಗುವುದನ್ನು ಕಣ್ಣಾರೆ ಕಂಡ ಗಿರಾಕಿಯು ಬಣ್ಣವನ್ನು ಕೇಳುವುದಿಲ್ಲ. ಬೆಂಡೆಯ ಗಿಡವನ್ನು ಜಜ್ಜಿ ನೀರಿನಲ್ಲಿ ನೆನೆಸಿ ತೆಗೆದ ಲೋಳೆಯನ್ನು ಕಾಯುವ ಹಾಲಿಗೆ ಹೊಯ್ದೊಡನೆ ಕಲ್ಮಷವು ಮಡ್ಡಿಯಾಗಿ ಮೇಲಕ್ಕೆ ಬರುವುದನ್ನೂ, ಅದನ್ನು ಜಾಲರಿಯಿಂದ ತೆಗೆಯುವುದನ್ನೂ, ಪಾಕದ ಹನಿಯನ್ನು ತಣ್ಣೀರಿನಲ್ಲಿ ಬಿಟ್ಟು ಉಂಡೆ ಕಟ್ಟಿ ಹದ ನೋಡುವುದನ್ನೂ ನೋಡಿದವನು ಕಂದುಬಣ್ಣದ ಬೆಲ್ಲವನ್ನೇ ಬೇಡಿ ಕೊಳ್ಳುವನು. ಒಂದು ಟನ್ನು ಕಬ್ಬಿಗೆ ಸುಮಾರು ೧೦೦ ಕಿಲೋ ಬೆಲ್ಲ ಬರುವುದೆಂದು ಲೆಕ್ಕವಿಟ್ಟರೆ, ಅದರಲ್ಲಿ ಹತ್ತನೆಯ ಒಂದು ಪಾಲು ಬಾಗಿಲಲ್ಲಿ ಮಾರಾಟವಾದರೂ ದಲ್ಲಾಳಿಯ ಕೈಗೆ ಹೋಗುವ ಹಣವು ಅಷ್ಟರಮಟ್ಟಿಗೆ ಮನೆಯಲ್ಲಿಯೇ ಉಳಿಯುವುದು.

ಗಿರಾಕಿಗಳು ರಸ್ತೆಯಲ್ಲಿ ತಾವಾಗಿಯೇ ಸಿಕ್ಕುವರೆಂದು ನಂಬಬಾರದು. ೨೦೨೩ರ ಮಾರ್ಚಿಯಲ್ಲಿ ತೆರೆದ ಬೆಂಗಳೂರು-ಮೈಸೂರು ಹೆದ್ದಾರಿಯು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಪೇಟೆಯೊಳಗೆ ಹಾಯದೆ ಹೊರಗಿನಿಂದಲೇ ಸಾಗುವುದು. ಹಳೆಯ ರಸ್ತೆಯ ವಡೆಯ ಅಂಗಡಿಗಳಿಗೂ ಬೊಂಬೆಯ ಅಂಗಡಿಗಳಿಗೂ ಇದರಿಂದ ತಟ್ಟಿದ ನಷ್ಟವು ಎಲ್ಲರಿಗೂ ತಿಳಿದದ್ದೇ. ಇನ್ನು ಮೇಲೆ ಹಾದುಹೋಗುವವನಲ್ಲ, ಹುಡುಕಿಕೊಂಡು ಬರುವವನೇ ಗಿರಾಕಿ. ಆದುದರಿಂದ ವಾರದಲ್ಲಿ ಇಂಥ ದಿನ, ಇಂಥ ಹೊತ್ತಿಗೆ ಕೊಪ್ಪರಿಗೆ ಇಳಿಯುವುದೆಂದು ಮೊದಲೇ ಗೊತ್ತುಮಾಡಿ ತಿಳಿಯಪಡಿಸಬೇಕು. ದೂರದಿಂದ ಬಂದವರು ಆರಿದ ಒಲೆಯನ್ನು ಕಂಡು ಹಿಂದಿರುಗಿದರೆ ಮತ್ತೆ ಬಾರರು.

ಅತಿಥಿಗಳಿಗೆಂದು ಸಾಲ ಮಾಡಿ ಕೊಠಡಿಗಳನ್ನು ಕಟ್ಟಿಸುವುದು ಮೊದಲ ವರ್ಷಗಳಲ್ಲಿ ಸರ್ವಥಾ ಕೂಡದು. ಪೇಟೆಯವರು ನೋಡಬಯಸುವುದು ಕಬ್ಬಿನ ಗದ್ದೆಯನ್ನು. ಅಂಥ ಕೊಠಡಿಗಳು ಅವರ ಊರಿನಲ್ಲಿಯೇ ಬೇಕಾದಷ್ಟಿವೆ. ನೆರಳಿಗೊಂದು ಚಪ್ಪರ, ಕುಡಿಯುವ ನೀರು, ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಶುಚಿಯಾದ ಕಕ್ಕಸು, ಇಷ್ಟು ಸಾಕು. ಮನೆಯವರಿಗೆ ಅನುಕೂಲವಿದ್ದರೆ ರಾಗಿಮುದ್ದೆ, ಅವರೆಕಾಳಿನ ಸಾರು, ಕಾಯಿಹಾಲಿನೊಡನೆ ಒತ್ತುಶಾವಿಗೆ, ಇಂಥ ನಿತ್ಯದ ಊಟವನ್ನೇ ಬೆಲೆ ಗೊತ್ತುಮಾಡಿ ಬಡಿಸಬಹುದು. ಆದರೆ ಆ ಭಾರವೆಲ್ಲವೂ ಹೆಂಗಸರ ಮೇಲೆ ಬೀಳುವುದಾದ ಕಾರಣ, ಊಟದ ಆದಾಯವನ್ನು ಅವರ ಕೈಗೇ ಒಪ್ಪಿಸತಕ್ಕುದು. ಆಹಾರವನ್ನು ಮಾರುವವರು ೨೦೦೬ರ ಆಹಾರ ಸುರಕ್ಷತಾ ಕಾಯಿದೆಯ ಮೇರೆಗೆ ನೋಂದಣಿ ಮಾಡಿಸಿಕೊಳ್ಳಬೇಕೆಂಬುದನ್ನೂ ಮರೆಯಲಾಗದು.

ಅಪಾಯದ ವಿಷಯದಲ್ಲಿ ಸಡಿಲವಿರಕೂಡದು. ಗಾಣದ ಉರುಳೆಗಳು ಸೀರೆಯ ಸೆರಗನ್ನಾಗಲಿ ಮಗುವಿನ ಕೈಯನ್ನಾಗಲಿ ಸೆಳೆದುಕೊಂಡರೆ ಯಂತ್ರವನ್ನು ನಿಲ್ಲಿಸುವಷ್ಟು ಹೊತ್ತು ಸಿಕ್ಕುವುದಿಲ್ಲ. ಕುದಿಯುವ ಪಾಕವು ನೀರಿಗಿಂತ ಹೆಚ್ಚಾಗಿ ಕಾಯುವುದಲ್ಲದೆ ಮೈಗೆ ಅಂಟಿಕೊಳ್ಳುವುದು. ಗಾಣಕ್ಕೂ ಕೊಪ್ಪರಿಗೆಗೂ ಸುತ್ತಲೂ ಗಟ್ಟಿಯಾದ ಬೇಲಿಯನ್ನು ಹಾಕಿದ ಹೊರತು ಒಬ್ಬ ಅತಿಥಿಯನ್ನೂ ಒಳಗೆ ಬಿಡಬಾರದು. ಗ್ರಾಮದ ಮುಖಂಡರು ತಾವೇ ಹೋಗಿ ಇದನ್ನು ನೋಡಿ ಬರುವುದು ಯುಕ್ತ.

ಮಳೆಗಾಲದಲ್ಲಿ ಬೆಲ್ಲವು ತೇವವನ್ನು ಹೀರಿ ಕರಗುವುದರಿಂದ ಬಾಗಿಲ ಮಾರಾಟಕ್ಕೆ ಇಟ್ಟದ್ದನ್ನು ಮುಂಗಾರಿಗೆ ಮುಂಚೆಯೇ ತೀರಿಸುವುದು ಒಳ್ಳೆಯದು. ಉಳಿದುದನ್ನು ಗಾಳಿಯಾಡದಂತೆ ಕಟ್ಟಿ ಒಣಗಿದ ಕೋಣೆಯಲ್ಲಿ ಇಡತಕ್ಕುದು. ಅತಿಥಿಗಳಿಂದ ಬಂದ ಹಣಕ್ಕೆ ಬೇರೊಂದು ಲೆಕ್ಕದ ಪುಸ್ತಕವಿರಲಿ. ಆಳುಗಳ ಕೂಲಿಯನ್ನೂ ಮನೆಯವರ ದುಡಿಮೆಯನ್ನೂ ಅದರಲ್ಲಿಯೇ ಬರೆಯಬೇಕು. ಎರಡು ಹಂಗಾಮು ಕಳೆದ ಮೇಲೆ ಆ ಪುಸ್ತಕವನ್ನು ನೋಡಿಕೊಂಡು, ಚಪ್ಪರವನ್ನು ಹಿಗ್ಗಿಸುವುದೋ ಬಿಡುವುದೋ ತೀರ್ಮಾನಿಸಬಹುದು.