ಮೂರೇ ಅಕ್ಷರ, ನಾಲ್ಕು ಮೂಲ

ಇವತ್ತಿನ ಸಂಚಿಕೆಗೆ ರೋಮನ್ ಲಿಪಿಯ ಮೂರೇ ಅಕ್ಷರ ಸಾಕು: ಎಸ್, ಎ, ಎಲ್. ‘ಸಾಲ್’ ಅಂತ ಓದೋಣ. (ನಮ್ಮ ಬ್ಯಾಂಕ್ ಸಾಲಕ್ಕೂ ಇದಕ್ಕೂ ಸಂಬಂಧ ಇಲ್ಲ ಬಿಡಿ.)

ಸ್ಪೇನ್‌ನಲ್ಲಿ ಊಟದ ಮೇಜಿನ ಮೇಲೆ ಈ ಪದ ಕಂಡರೆ ಅದು ಉಪ್ಪು. ಅದೇ ಸ್ಪ್ಯಾನಿಷ್‌ನಲ್ಲಿ ಯಾರಾದರೂ ನಿಮ್ಮ ಮುಖ ನೋಡಿ ಜೋರಾಗಿ ಅಂದರೆ ‘ಹೊರಗೆ ನಡಿ’ ಅಂತ. ಸ್ವೀಡನ್‌ನಲ್ಲಿ ದೊಡ್ಡ ಕೋಣೆ, ಸಭಾಂಗಣ. ಡೆನ್ಮಾರ್ಕ್‌ನ ಮನೆ ವಿಳಾಸದಲ್ಲಿ ಮಹಡಿ: ‘3. ಸಾಲ್’ ಅಂದರೆ ನೆಲಮಹಡಿಯನ್ನು ಬಿಟ್ಟು ಮೂರನೆಯದು. ನಾರ್ವೆಯಲ್ಲಿ ಸಭಾಂಗಣವೂ ಹೌದು, ಕುದುರೆಯ ಜೀನೂ ಹೌದು.

ಒಂದೇ ಪದ ಊರೂರು ಸುತ್ತಿ ಅರ್ಥ ಬದಲಿಸಿಕೊಂಡಿತೇ? ಇಲ್ಲ. ಉಪ್ಪು ಲ್ಯಾಟಿನ್‌ನ ‘ಸಾಲ್’. ‘ಹೊರಡು’ ಅನ್ನೋದು ಲ್ಯಾಟಿನ್‌ನ ‘ಸಲೀರೆ’, ಅಂದರೆ ನೆಗೆಯುವುದು. ನಾರ್ವೆಯ ಜೀನು ಹಳೆಯ ನಾರ್ಸ್‌ನ ‘ಸೊದುಲ್’ ಸವೆದು ಉಳಿದದ್ದು. ಸಭಾಂಗಣ ಹಳೆಯ ನಾರ್ಸ್‌ನ ‘ಸಾಲ್ರ್’. ಉಪ್ಸಾಲಾ ಊರಿನ ಹೆಸರಿನ ಕೊನೆಯಲ್ಲಿರೋದು ಇದೇ. ಡೇನರ ಮಹಡಿಯೂ ಇದರದೇ ಕವಲು.

ಹಾಗಾದರೆ ಸ್ಪ್ಯಾನಿಷ್ ಉಪ್ಪಿನ ನಿಜವಾದ ನೆಂಟ ಸ್ವೀಡಿಷ್‌ನಲ್ಲಿ ಯಾರು? ‘ಸಾಲ್’ ಅಲ್ಲ, ‘ಸಾಲ್ಟ್’. ಎರಡೂ ಇಂಡೋ-ಯುರೋಪಿಯನ್ ಮೂಲಭಾಷೆಯ ಒಂದೇ ಬೇರಿನವು. ಸ್ವೀಡಿಷ್ ಸಭಾಂಗಣದ ನೆಂಟ ಸ್ಪ್ಯಾನಿಷ್‌ನಲ್ಲಿ ‘ಸಾಲಾ’, ಫ್ರೆಂಚ್‌ನಲ್ಲಿ ‘ಸಾಲ್ಲ್’. ಆದರೆ ಇದು ಹುಟ್ಟಿನಿಂದ ಬಂದ ನೆಂಟಸ್ತಿಕೆಯಲ್ಲ, ಎರವಲು. ರೋಮ್ ಸಾಮ್ರಾಜ್ಯ ಕುಸಿದಾಗ ಜರ್ಮಾನಿಕ್ ಭಾಷೆಯ ಫ್ರಾಂಕ್ ಜನ ಗಾಲ್ ಪ್ರಾಂತದಲ್ಲಿ, ಲೊಂಬಾರ್ಡ್ ಜನ 568ರಿಂದ ಇಟಲಿಯಲ್ಲಿ ನೆಲೆಯೂರಿದರು. ಅವರ ದೊರೆಗಳ ಮನೆಯ ದೊಡ್ಡ ಕೋಣೆಯ ಹೆಸರು ಲ್ಯಾಟಿನ್ ಮಾತಾಡುವವರ ಬಾಯಿಗೂ ಹತ್ತಿತು.

ಈಗ ನಮ್ಮ ಕಡೆಗೆ ಬರೋಣ. ‘ಸಾಲಾ ಅಂದರೆ ನಮ್ಮ ಶಾಲೆಯೇ, ಎಲ್ಲವೂ ಸಂಸ್ಕೃತದಿಂದ’ ಎಂಬಂಥ ಮಾತು ಕೇಳಲು ಹಿತವಾಗಿರುತ್ತೆ. ಉತ್ತರ ಕರ್ನಾಟಕದವರು ‘ಸಾಲಿಗೆ ಹೋಗು’ ಅನ್ನೋದು ಕೇಳಿದರಂತೂ ಇನ್ನೂ ನಂಬಿಕೆ ಬರುತ್ತೆ. ಪರೀಕ್ಷೆ ಮಾಡೋದು ಹೇಗೆ? ಒಂದು ಪದ ನೋಡಿದರೆ ಸಾಲದು, ಅದೇ ಧ್ವನಿಯ ಹಲವು ಪದಗಳನ್ನು ಪಕ್ಕದಲ್ಲಿ ಇಟ್ಟು ನೋಡಬೇಕು. ಸಂಸ್ಕೃತದ ‘ಶತ’ ಲ್ಯಾಟಿನ್‌ನಲ್ಲಿ ‘ಕೆಂತುಂ’, ಸ್ವೀಡಿಷ್‌ನಲ್ಲಿ ‘ಹುಂದ್ರಾ’. ‘ಶ್ವಾನ’ ಲ್ಯಾಟಿನ್‌ನಲ್ಲಿ ‘ಕಾನಿಸ್’, ಸ್ವೀಡಿಷ್‌ನಲ್ಲಿ ‘ಹುಂಡ್’. ಅಂದರೆ ಇಂಥ ಪದಗಳಲ್ಲಿ ಸಂಸ್ಕೃತದ ಶ ಇರುವ ಕಡೆ ಲ್ಯಾಟಿನ್‌ನಲ್ಲಿ ಕ, ಜರ್ಮಾನಿಕ್‌ನಲ್ಲಿ ಹ. ಜರ್ಮಾನಿಕ್ ಸ-ಕ್ಕೆ ಜೋಡಿ ಸಂಸ್ಕೃತದ ಸ: ಇಂಗ್ಲಿಷ್‌ನ ‘ಸೆವೆನ್’, ನಮ್ಮ ‘ಸಪ್ತ’. ಹಾಗಾಗಿ ‘ಶಾಲಾ’ದ ಬಂಧುವನ್ನು ‘ಹ’ದಲ್ಲಿ ಹುಡುಕಬೇಕು. ಸಿಗುತ್ತೆ ಕೂಡ: ‘ಹಾಲ್’! ಸಾಮಾನ್ಯವಾಗಿ ಭಾಷಾವಿಜ್ಞಾನಿಗಳು ಒಪ್ಪುವ ಜೋಡಿ ಇದು. ಲ್ಯಾಟಿನ್‌ನಲ್ಲಿ ಇದರ ಒಡಹುಟ್ಟು ‘ಕೆಲ್ಲಾ’, ಪುಟ್ಟ ಕೋಣೆ. 1665ರಲ್ಲಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಲ್ಲಿ ಬೆಂಡಿನ ಚೂರು ನೋಡಿ ಕೊಟ್ಟ ‘ಸೆಲ್’ ಎಂಬ ಹೆಸರು ಅದರಿಂದಲೇ ಬಂದದ್ದು. ಜೀವಕೋಶದ ಸೆಲ್ಲೂ ನಮ್ಮ ಶಾಲೆಯೂ ದಾಯಾದಿಗಳು. ಕೇಳಿದರೆ ಯಾರಿಗೂ ಗೊತ್ತಾಗಲ್ಲ! ಇನ್ನು ‘ಸಾಲಿ’ಯ ಸ ನಮ್ಮ ಕಡೆಯೇ, ತೀರ ಈಚೆಗೆ, ಶ ಬದಲಾಗಿ ಬಂದದ್ದು.

ಅಂದಮಾತ್ರಕ್ಕೆ ಆ ಜರ್ಮಾನಿಕ್ ‘ಸಾಲ್’ ಕನ್ನಡಕ್ಕೆ ಬಂದೇ ಇಲ್ಲ ಅಂತಲ್ಲ. ಇಟಲಿಯವರು ‘ಸಾಲಾ’ವನ್ನು ಹಿಗ್ಗಿಸಿ ‘ಸಲೋನೆ’ ಅಂದರು, ದೊಡ್ಡ ಹಜಾರ. ಫ್ರೆಂಚರು ಅದನ್ನು ‘ಸಲೋನ್’ ಮಾಡಿಕೊಂಡರು, ಇಂಗ್ಲಿಷರು ‘ಸಲೂನ್’ ಅಂದರು. ಹಾಗೆ ಬಂದ ಪದ ಈಗ ನಮ್ಮೂರುಗಳಲ್ಲಿ ಎರಡು ಕುರ್ಚಿ, ಒಂದು ಕನ್ನಡಿ ಇರುವ ಕ್ಷೌರದಂಗಡಿಯ ಬೋರ್ಡಿನ ಮೇಲಿದೆ.