ವೃತ್ತಿ, ವೇತನ ಮತ್ತು ಸ್ವಭಾವ

ಫಾಲ್ಗುಣ ಕೃಷ್ಣ ತೃತೀಯೆಯಂದು ಶ್ರೀವಾದಿರಾಜ ಗುರುವರ್ಯರ ಆರಾಧನೆಗಾಗಿ ಸೋದೆಯಲ್ಲಿ ಸೇರುವ ಭಕ್ತಸಮೂಹದಲ್ಲಿ, ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಹುಟ್ಟಿ ಬೆಂಗಳೂರು, ಮುಂಬಯಿಗಳಲ್ಲಿ ಉದ್ಯೋಗದಲ್ಲಿರುವ ತರುಣರೂ ಇರುತ್ತಾರೆ. ತೀರ್ಥಪ್ರಸಾದವಾದ ಬಳಿಕ ಹಿರಿಯರೊಡನೆ ಮಾತಿಗೆ ಕುಳಿತಾಗ ಅವರಲ್ಲಿ ಕೆಲವರು ಮುಂದಿಡುವ ಸಂದೇಹವೊಂದುಂಟು. "ಕೈತುಂಬ ಸಂಬಳವಿದೆ, ಆದರೆ ಮನಸ್ಸು ಆ ಕೆಲಸದಲ್ಲಿ ನಿಲ್ಲದು. ಊರಿಗೆ ಬಂದು ತೋಟ ಮಾಡಲೇ? ಶಾಲೆಯಲ್ಲಿ ಪಾಠ ಹೇಳಲೇ? ಬಂದ ಭಾಗ್ಯವನ್ನು ಬಿಡುವುದು ಅವಿವೇಕವಾದೀತೇ?" ಈ ಸಂದೇಹವನ್ನು ಪೂರ್ವಪಕ್ಷ, ಸಿದ್ಧಾಂತಗಳ ಕ್ರಮದಲ್ಲಿ ವಿಚಾರ ಮಾಡೋಣ.

ಪೂರ್ವಪಕ್ಷ: ಅರ್ಥವೂ ಒಂದು ಪುರುಷಾರ್ಥವೇ. ವೃದ್ಧರಾದ ತಂದೆತಾಯಿಗಳ ಔಷಧೋಪಚಾರ, ಮಕ್ಕಳ ವಿದ್ಯಾಭ್ಯಾಸ, ಅತಿಥಿಸತ್ಕಾರ, ದಾನಧರ್ಮಗಳು ಇವೆಲ್ಲವೂ ಧನವಿಲ್ಲದೆ ನಡೆಯುವಂಥವಲ್ಲ. ಗೃಹಸ್ಥನಾದವನು ಮನಸ್ಸಿನ ಸಂತೋಷಕ್ಕಾಗಿ ಆದಾಯವನ್ನು ತೊರೆದರೆ ಅದರ ಭಾರ ಮನೆಯವರ ಮೇಲೆ ಬೀಳುವುದು. ಈ ವಾದವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ.

ಸಿದ್ಧಾಂತ: ಪುರುಷಾರ್ಥಗಳಲ್ಲಿ ಅರ್ಥಕ್ಕಿಂತ ಮೊದಲು ಬರುವುದು ಧರ್ಮ. ತನ್ನ ಸ್ವಭಾವಕ್ಕೆ ಒಪ್ಪುವ ಕರ್ಮವು ದೋಷಯುಕ್ತವಾಗಿ ಕಂಡರೂ ಅದನ್ನು ಬಿಡಬಾರದೆಂದು ಗೀತಾಚಾರ್ಯನು ಹದಿನೆಂಟನೆಯ ಅಧ್ಯಾಯದಲ್ಲಿ ಉಪದೇಶಿಸಿದ್ದಾನೆ. ಜೀವರು ಪರಸ್ಪರ ಭಿನ್ನರು, ಅವರ ಯೋಗ್ಯತೆಗಳೂ ಭಿನ್ನವೆಂಬುದು ನಮ್ಮ ಸಿದ್ಧಾಂತ. ವೇತನವಾದರೋ ಆ ಕೆಲಸಕ್ಕೆ ಪೇಟೆ ಕಟ್ಟಿದ ಬೆಲೆಯೇ ಹೊರತು, ಕೆಲಸವು ಮಾಡುವವನ ಸ್ವಭಾವಕ್ಕೆ ಒಗ್ಗಿದೆಯೇ ಎಂಬುದರ ಅಳತೆಯಲ್ಲ. ಹೀಗಿರುವಾಗ 'ಎಷ್ಟು ಹೆಚ್ಚು' ಎಂದು ಕೇಳುವ ಮೊದಲು 'ಎಷ್ಟು ಸಾಕು' ಎಂದು ನಿಶ್ಚಯಿಸಿಕೊಳ್ಳುವುದೇ ವಿವೇಕದ ಮೊದಲ ಮೆಟ್ಟಿಲು.

ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಿಲ್ಲ. ಗೋಪಾಲಕೃಷ್ಣ ಗೋಖಲೆಯವರು ಪುಣೆಯಲ್ಲಿ ತಿಂಗಳಿಗೆ 75 ರೂಪಾಯಿ ವೇತನದ ಮೇಲೆ 20 ವರ್ಷ ಅಧ್ಯಾಪನ ಮಾಡುವುದಾಗಿ ವಚನವಿತ್ತು, ಹಾಗೆಯೇ ನಡೆದರು. ಅವರು 1905ರಲ್ಲಿ ಸ್ಥಾಪಿಸಿದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯ ಸದಸ್ಯರು ಸ್ವಂತಕ್ಕಾಗಿ ಹಣ ಗಳಿಸುವುದಿಲ್ಲವೆಂದೂ, ತಮಗೂ ಕುಟುಂಬಕ್ಕೂ ಸಂಸ್ಥೆ ಒದಗಿಸುವಷ್ಟರಲ್ಲಿ ತೃಪ್ತರಾಗಿರುವೆವೆಂದೂ ಪ್ರತಿಜ್ಞೆ ಮಾಡುತ್ತಿದ್ದರು. ನಮ್ಮ ಜಿಲ್ಲೆಯ ಅಂಕೋಲೆಯ ಕಡೆಯವರಾದ ದಿನಕರ ದೇಸಾಯಿಯವರು (1909–1982) ಮುಂಬಯಿಯಲ್ಲಿ ಎಂ.ಎ., ಕಾನೂನು ಪದವಿಗಳನ್ನು ಪಡೆದೂ ವಕೀಲಿಯ ಸಂಪಾದನೆಯನ್ನು ಬಯಸದೆ ಆ ಸಂಸ್ಥೆಯನ್ನು ಸೇರಿದರು. ರೈತರ ಪರವಾಗಿ ದುಡಿದರು. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟನ್ನು ಸ್ಥಾಪಿಸಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದರು. ಇವರು ಸಂಸಾರವನ್ನು ಅನಾಥವಾಗಿ ಬಿಡಲಿಲ್ಲ. 'ಸಾಕು' ಎಂಬುದರ ಪ್ರಮಾಣವನ್ನು ಮೊದಲೇ ಗೊತ್ತುಮಾಡಿಕೊಂಡು ಆ ಬಳಿಕ ಹೆಜ್ಜೆಯಿಟ್ಟರು.

ಇನ್ನು ತೋಟಕ್ಕೆ ಮರಳುವವರ ಮಾತು. ನೆಟ್ಟ ಅಡಿಕೆ ಸಸಿಯು ಫಲ ಕೊಡಲು 5ರಿಂದ 7 ವರ್ಷ ಬೇಕು. ಮಳೆಗಾಲಕ್ಕೆ ಮುನ್ನ ಮೈಲುತುತ್ತ, ಸುಣ್ಣಗಳ ದ್ರಾವಣ ಸಿಂಪಡಿಸದಿದ್ದರೆ ಕೊಳೆರೋಗವು ಕೊನೆಗಳನ್ನು ಉದುರಿಸಿಬಿಡುವುದು. ಮರವೇರಿ ಕೊನೆ ಇಳಿಸುವ ಕೊನೆಗೌಡರು ವಿರಳರಾಗಿದ್ದಾರೆ. ಎಲೆಚುಕ್ಕೆ ರೋಗವು ಹೊಸ ಚಿಂತೆಯಾಗಿದೆ. 2019ರಲ್ಲಿ 'ಶಿರಸಿ ಸುಪಾರಿ'ಗೆ ಭೌಗೋಳಿಕ ಗುರುತು ದೊರೆತದ್ದು ಹೆಮ್ಮೆಯ ವಿಷಯವಾದರೂ ಧಾರಣೆಯ ಏರಿಳಿತ ತಪ್ಪಿದ್ದಲ್ಲ. ಆದುದರಿಂದ ನಗರದ ಬೇಸರ ಕಳೆಯಲೆಂದು ಮಾತ್ರ ಬರುವವನಿಗೆ ತೋಟವು ವಿಶ್ರಾಂತಿಧಾಮವಾಗದು.

ನಿರ್ಧಾರಕ್ಕೆ ಮುನ್ನ ಮೂರು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಬೇಕು. ಒಂದು: ನಾನು ಒಲಿದ ಕೆಲಸದ ಕಡೆಗೆ ಹೋಗುತ್ತಿರುವೆನೋ, ಇದ್ದ ಕೆಲಸದ ಶ್ರಮದಿಂದ ಓಡುತ್ತಿರುವೆನೋ? ಮೊದಲನೆಯದು ಸ್ವಭಾವ, ಎರಡನೆಯದು ಬರಿಯ ಆಲಸ್ಯ. ಎರಡು: ತೀರಿಸಬೇಕಾದ ಸಾಲವುಂಟೇ? ಸಾಲವನ್ನುಳಿಸಿ ಮಾಡಿದ ತ್ಯಾಗವು ಪರರ ಹಣದ ತ್ಯಾಗವೇ ಸರಿ. ಮೂರು: ಪತ್ನಿಯೂ ತಂದೆತಾಯಿಗಳೂ ಈ 'ಸಾಕು' ಎಂಬುದನ್ನು ಮನಸಾರೆ ಒಪ್ಪಿದ್ದಾರೆಯೇ? ಒಬ್ಬನ ತೃಪ್ತಿಯ ಬೆಲೆಯನ್ನು ಇನ್ನೊಬ್ಬರು ಮೌನವಾಗಿ ತೆರುವಂತಾಗಬಾರದು. ಈ ಮೂರಕ್ಕೂ ಸಮಾಧಾನಕರ ಉತ್ತರ ದೊರೆತರೆ ಸಂಬಳ ಕಡಿಮೆಯಾಯಿತೆಂದು ಮರುಗಬೇಕಾದ್ದಿಲ್ಲ. ದೊರೆಯದಿದ್ದರೆ ಇರುವ ಉದ್ಯೋಗವನ್ನೇ ಕೆಲಕಾಲ ನಿಷ್ಠೆಯಿಂದ ಮಾಡುತ್ತ ಸಾಲ ತೀರಿಸಿ ಕಾಯುವುದೂ ಧರ್ಮವೇ.

ಹಿರಿಯರಿಗೂ ಒಂದು ವಿಜ್ಞಾಪನೆ. ಮಕ್ಕಳು ಊರಿಗೆ ಬರಲಿಲ್ಲವೆಂದು ಕೊರಗುವ ನಾವೇ, ಬಂದು ನಿಂತ ಮಗನನ್ನು 'ಅಲ್ಲಿ ನೌಕರಿ ಹೋಯಿತೇನೋ?' ಎಂದು ಕೇಳುತ್ತೇವೆ. ತೋಟದ ಮನೆಯ ವರನೆಂದರೆ ಜಾತಕವನ್ನೇ ಹಿಂದಿರುಗಿಸುತ್ತೇವೆ. ಮೈಮುರಿದು ದುಡಿಯುವ ಮಗನ ಕೈಗೆ ಲೆಕ್ಕದ ಪುಸ್ತಕವನ್ನಾಗಲಿ ಯಜಮಾನಿಕೆಯನ್ನಾಗಲಿ ಕೊಡೆವು. ಮುಚ್ಚಿದ ಬಾಗಿಲುಗಳ ಮನೆಗಳು ಊರೂರಿಗೆ ಹೆಚ್ಚುತ್ತಿರುವುದಕ್ಕೆ ನಗರದ ಸಂಬಳವೊಂದೇ ಕಾರಣವೆನ್ನುವುದು ನ್ಯಾಯವೇ? ವರ್ಷಕ್ಕೊಮ್ಮೆ ಆರಾಧನೆಗೆ ಬರುವ ಮಗನು ಶಾಶ್ವತವಾಗಿ ಬಂದು ನಿಲ್ಲುವೆನೆಂದಾಗ, ಅವನ ಸಂಬಳವೆಷ್ಟೆಂದು ಕೇಳದೆ ಅವನ ಕೈಗೆ ಯಾವ ಹೊಣೆಯನ್ನು ಕೊಡಬಲ್ಲೆವೆಂದು ಮೊದಲು ಯೋಚಿಸೋಣ.

ಸ್ವಭಾವಕ್ಕೆ ಒಪ್ಪಿದ ಕೆಲಸವನ್ನು ಭಗವದರ್ಪಣಬುದ್ಧಿಯಿಂದ ಮಾಡುವವನು ಹೆಚ್ಚು ಸಂಬಳದವನಾಗಲಿ ಕಡಿಮೆ ಸಂಬಳದವನಾಗಲಿ, ಅವನ ದಿನವು ವ್ಯರ್ಥವಾಗದು.